ಕುಮ್ಕಿ: ನೂರು ಗಜದ ನೆರವು

ಪತ್ರಿಕೆ ಓದುವ ನಮಗೆಲ್ಲ ಮೂರು ಮಾತುಗಳು ಚಿರಪರಿಚಿತ. ಕಾಫಿ ತೋಟಕ್ಕೆ ನುಗ್ಗಿದ ಸಲಗವನ್ನು ಹಿಡಿಯಲು ದುಬಾರೆಯಿಂದಲೋ ಮತ್ತಿಗೋಡಿನಿಂದಲೋ ‘ಕುಮ್ಕಿ ಆನೆ’ಗಳು ಬಂದವು ಎಂಬುದು ಒಂದು; ಪುತ್ತೂರು, ಸುಳ್ಯ, ಬೆಳ್ತಂಗಡಿ ಕಡೆ ‘ಕುಮ್ಕಿ ಜಾಗ’ದ ಹಕ್ಕಿಗಾಗಿ ರೈತರು ಸಭೆ ಸೇರಿದರು ಎಂಬುದು ಇನ್ನೊಂದು; ಯಾವುದೋ ಅಪರಾಧಕ್ಕೆ ಇಂಥವರು ‘ಕುಮ್ಮಕ್ಕು’ ಕೊಟ್ಟರೆಂದು ಮೊಕದ್ದಮೆ ಹೂಡಿದರು ಎಂಬುದು ಮತ್ತೊಂದು. ಆನೆ, ಗುಡ್ಡ, ಅಪರಾಧ. ಮೇಲುನೋಟಕ್ಕೆ ಒಂದಕ್ಕೊಂದು ಸಂಬಂಧವೇ ಕಾಣದ ಈ ಮೂರು ಪ್ರಯೋಗಗಳು ಒಂದೇ ತಾಯಿಯ ಮಕ್ಕಳು ಎಂದರೆ, ಪದಗಳ ಬೆನ್ನು ಹತ್ತಿ ಹೋಗುವ ಚಟವಿರುವ ನಮ್ಮಂಥವರಿಗೆ ಅದಕ್ಕಿಂತ ದೊಡ್ಡ ಆಮಂತ್ರಣ ಬೇಕೆ?

ಆ ತಾಯಿಯ ತವರು ಬಹಳ ದೂರದ್ದು. ಮಧ್ಯ ಏಷ್ಯಾದ ಹುಲ್ಲುಗಾವಲುಗಳಲ್ಲಿ ಕುದುರೆ ಏರಿ ತಿರುಗಿದ ಜನರ ತುರ್ಕಿ ಭಾಷೆಗಳಲ್ಲಿ ‘ಕೊಮೆಕ್’ ಎಂದರೆ ನೆರವು. ಕಜಾಕ್ ಭಾಷೆಯಲ್ಲಿ, ಅಜರ್ಬೈಜಾನಿನಲ್ಲಿ, ಉಜ್ಬೆಕ್‌ನಲ್ಲಿ ಸ್ವರದ ಸಣ್ಣಪುಟ್ಟ ವ್ಯತ್ಯಾಸಗಳೊಡನೆ ಅದು ಇಂದಿಗೂ ಅದೇ ಅರ್ಥದಲ್ಲಿ ಜೀವಂತವಾಗಿದೆ. ಅಲ್ಲಿಂದ ಪಾರಸಿಗೆ ಬಂದು ‘ಕುಮಕ್’ ಆಯಿತು. ಇರಾನಿನಲ್ಲಿ ಇಂದು ಅದರ ಉಚ್ಚಾರ ‘ಕೊಮಕ್’, ನೀರಿಗೆ ಬಿದ್ದವನು ದಡದವರನ್ನು ಕರೆಯುವುದೂ ಈ ಮಾತಿನಿಂದಲೇ. ಸುಲ್ತಾನರ, ಮೊಗಲರ ದಂಡಿನೊಡನೆ ಹಿಂದೂಸ್ಥಾನಕ್ಕೆ ಇಳಿದಾಗ ಅದರ ಅರ್ಥ ಸ್ವಲ್ಪ ಬಿಗಿಯಾಯಿತು: ಯಾವ ನೆರವಾದರೂ ಸರಿ ಎಂಬುದು ಹೋಗಿ, ಮುತ್ತಿಗೆಗೆ ಸಿಕ್ಕಿದ ಪಡೆಗೆ ಬೇರೆಡೆಯಿಂದ ಕಳಿಸುವ ಹೆಚ್ಚುವರಿ ದಂಡು ಎಂಬ ವಿಶೇಷಾರ್ಥ ನಿಂತಿತು. ಮರಾಠಿಯಲ್ಲಿ ‘ಕುಮಕ’ ಎಂದರೆ ಇವತ್ತಿಗೂ ಇದೇ. ಗಲಭೆಯಾದ ಊರಿಗೆ ಹೆಚ್ಚಿನ ಪೊಲೀಸರು ಬಂದರೆ ಅದು ಕುಮಕ. ಬೇಗಂ, ಬಹದ್ದೂರ್, ಉರ್ದು, ಫಿರಂಗಿಯ ಅರ್ಥದ ತೋಪು, ಇವೆಲ್ಲ ಅದೇ ದಾರಿಯಲ್ಲಿ ಬಂದ ಸಹಯಾತ್ರಿಗಳು. (ಮಾವಿನ ತೋಪಿನ ತೋಪು ಮಾತ್ರ ಬೇರೆ, ಅದು ನಮ್ಮ ನೆಲದ್ದೇ, ತಮಿಳಿನ ‘ತೋಪ್ಪು’ವಿನ ಒಡಹುಟ್ಟು. ಗುಂಡು ಹಾರಿಸುವುದೂ ನೆರಳು ಕೊಡುವುದೂ ಕನ್ನಡದಲ್ಲಿ ಒಂದೇ ರೂಪ ತಾಳಿ ನಿಂತಿರುವುದು ಶಬ್ದಗಳ ಆಕಸ್ಮಿಕ ಭೇಟಿಗಳಲ್ಲಿ ಒಂದು.)

ಕನ್ನಡದ ಕಿವಿಗೆ ಬಿದ್ದ ‘ಕುಮಕ್’ ಎರಡು ಕವಲಾಯಿತು. ಒಂದು ಕವಲು ಕೊನೆಯ ವ್ಯಂಜನಕ್ಕೆ ಉಕಾರ ತೊಟ್ಟು ‘ಕುಮಕು’, ‘ಕುಮಕ್ಕು’ ಎಂದಾಗಿ, ನಡುವಿನ ಮಕಾರವನ್ನೂ ಇಮ್ಮಡಿಸಿಕೊಂಡು ‘ಕುಮ್ಮಕ್ಕು’ ಎಂದು ಗಟ್ಟಿಯಾಯಿತು. ಅರ್ಥ ಮೊದಲು ನೆರವು, ಬೆಂಬಲ. ಆಮೇಲೆ ಬೆನ್ನು ತಟ್ಟುವುದು. ಆಮೇಲೆ ಮರೆಯಲ್ಲಿ ನಿಂತು ಬೆನ್ನು ತಟ್ಟುವುದು. ಈಗಂತೂ ಕೆಟ್ಟ ಕೆಲಸಕ್ಕೆ ಹುರಿದುಂಬಿಸುವುದು. ಒಳ್ಳೆಯ ಕೆಲಸಕ್ಕೆ ಯಾರೂ ಕುಮ್ಮಕ್ಕು ಕೊಡುವುದಿಲ್ಲ, ಪ್ರೋತ್ಸಾಹ ಕೊಡುತ್ತಾರೆ. ಒಂದು ನಿರ್ಮಲವಾದ ಮಾತು ಹೀಗೆ ಕಳಂಕಿತವಾದದ್ದು ಏಕೆ? ಮೊದಲಕ್ಷರವೇ ಅದಕ್ಕೆ ಮುಳುವಾಯಿತೆಂದು ನನಗೆ ತೋರುತ್ತದೆ. ಕುತಂತ್ರ, ಕುಯುಕ್ತಿ, ಕುಚೇಷ್ಟೆ, ಕುಹಕ ಎಂಬ ನುಡಿಗಳ ನಡುವೆ ಬಂದು ಕುಳಿತ ಪರದೇಶಿ ‘ಕು’ವನ್ನು ನಮ್ಮ ಕಿವಿ ಸಂಸ್ಕೃತದ ಕುತ್ಸಿತಾರ್ಥದ ‘ಕು’ ಎಂದೇ ಕೇಳಿಸಿಕೊಂಡಿತು. ವ್ಯುತ್ಪತ್ತಿಯಲ್ಲಿ ಇದು ತಪ್ಪು. ಬಳಕೆಯಲ್ಲಿ ಮಾತ್ರ ಜನದ ಕಿವಿಯೇ ಪಾಣಿನಿ.

ಇನ್ನೊಂದು ಕವಲು ಪಾರಸಿಯ ಸಂಬಂಧವಾಚಕ ಈಕಾರವನ್ನು ಹಾಗೆಯೇ ಉಳಿಸಿಕೊಂಡಿತು. ಕುಮಕ್ ಎಂದರೆ ನೆರವು, ಕುಮಕೀ ಎಂದರೆ ನೆರವಿನದು, ನೆರವಿಗೆ ಒದಗುವಂಥದು. ಕಾಡಾನೆಯನ್ನು ಎರಡೂ ಮಗ್ಗುಲಿನಿಂದ ಒತ್ತಿ ಹಿಡಿಯುವ ಪಳಗಿದ ಆನೆ ಆ ಅರ್ಥದಲ್ಲಿ ಕುಮ್ಕಿ. ಅಸ್ಸಾಮಿನವರ ಬಾಯಲ್ಲಿ ಅದೇ ‘ಕೂನ್ಕಿ’. 2025ರ ಮೇ ತಿಂಗಳಲ್ಲಿ ಕರ್ನಾಟಕ ಸರ್ಕಾರ ಆಂಧ್ರಕ್ಕೆ ಕುಮ್ಕಿ ಆನೆಗಳನ್ನು ಒಪ್ಪಿಸಿದಾಗ ಆ ಮಾತಿನ ದಂಡಿನ ಕಾಲದ ಅರ್ಥವೇ ಮರುಜೀವ ಪಡೆದಂತೆ ಆಯಿತು: ಒಂದು ರಾಜ್ಯದ ಪಡೆ ಇನ್ನೊಂದು ರಾಜ್ಯದ ಸಂಕಟಕ್ಕೆ ಹೊರಟಿತು.

ನಾವು ಹುಡುಕಿಕೊಂಡು ಹೊರಟಿರುವುದು ಆನೆಯನ್ನಲ್ಲ, ಗುಡ್ಡವನ್ನು. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಗದ್ದೆ ತೋಟಗಳ ಜಮೀನಿಗೆ ‘ವರ್ಗ’ ಎಂದು ಹೆಸರು. ಅದರ ಒಡೆಯ ವರ್ಗದಾರ. ಇದು ಸಂಸ್ಕೃತದ ವರ್ಗವಲ್ಲ, ಅರಬ್ಬಿಯ ‘ವರಕ್’ನಿಂದ ಬಂದದ್ದು, ವರಕ್ ಎಂದರೆ ಎಲೆ, ಹಾಳೆ, ಆದ್ದರಿಂದ ಲೆಕ್ಕದ ಪುಸ್ತಕದಲ್ಲಿ ಒಬ್ಬನ ಹೆಸರಿಗೆ ಬಿದ್ದ ಪುಟ ಎಂದು ಹೇಳುವವರಿದ್ದಾರೆ, ಸಿಹಿತಿಂಡಿಯ ಮೇಲೆ ಅಂಟಿಸುವ ಬೆಳ್ಳಿಯ ವರಖೂ ಅದೇ ಎಲೆ. ಈ ವರ್ಗದ ಜಮೀನಿನ ಅಂಚಿನಿಂದ ಆಚೆಗೆ ನೂರು ಗಜದವರೆಗಿನ ಸರ್ಕಾರಿ ನೆಲ ಕುಮ್ಕಿ. ಒಡೆತನ ಸರ್ಕಾರದ್ದು, ಅನುಭೋಗ ವರ್ಗದಾರನದು: ಗೊಬ್ಬರಕ್ಕೆ ಸೊಪ್ಪು ಸವರಬಹುದು, ತರಗೆಲೆ ಗುಡಿಸಬಹುದು, ಸೌದೆ ತರಬಹುದು, ದನ ಮೇಯಿಸಬಹುದು. ಕರಾವಳಿಯ ಸಾಗುವಳಿಯ ಭೂಮಿಗೆ ಬೈಲು, ಮಜಲು, ಬೆಟ್ಟು ಎಂಬ ಮೂರು ಮೆಟ್ಟಿಲು; ತಗ್ಗಿನ ಬೈಲಿನಲ್ಲಿ ನೀರಿನ ಒರತೆಯಿದ್ದರೆ ಮೂರು ಬೆಳೆ, ಮಜಲಿನಲ್ಲಿ ಎರಡು, ಮಳೆಯನ್ನೇ ನಂಬಿದ ಬೆಟ್ಟಿನಲ್ಲಿ ಒಂದು. ಈ ಮೂರರ ಮೇಲೂ ತಲೆಯೆತ್ತಿ ನಿಂತ ಮುರಕಲ್ಲಿನ ಗುಡ್ಡ, ಗುಡ್ಡದ ಮೇಲೆ ಕುರುಚಲು, ಕುರುಚಲ ನಡುವೆ ಮರ. ಗದ್ದೆ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಅದರ ನೆರವು ಶುರುವಾಗುತ್ತದೆ ಎಂಬ ತಿಳಿವನ್ನು ಕಂದಾಯದ ಭಾಷೆ ಒಂದೇ ಪರದೇಶಿ ಪದದಲ್ಲಿ ಹಿಡಿದಿಟ್ಟಿತು.

ಇಂಥ ನೆಲಕ್ಕೆ ಕನ್ನಡನಾಡಿನಲ್ಲಿ ಹೆಸರು ಒಂದಲ್ಲ. 1964ರ ಭೂಕಂದಾಯ ಕಾಯಿದೆಯ 79ನೆಯ ಕಲಮನ್ನು ಒಮ್ಮೆ ಓದಿ ನೋಡಬೇಕು. ನನಗದು ಕಾನೂನಿನ ಮಾತಾಗಿ ಕಾಣುವುದಕ್ಕಿಂತ ಒಂದು ಕಿರುನಿಘಂಟಾಗಿ ಕಾಣುತ್ತದೆ. ದಕ್ಷಿಣ ಕನ್ನಡದ ಕುಮ್ಕಿ, ಬಾಣೆ, ಕಾಣೆ. ಉತ್ತರ ಕನ್ನಡದ ಬೆಟ್ಟ, ಹಾಡಿ. ಹಳೆಯ ಮೈಸೂರು ಸೀಮೆಯ ಕಾನು, ಸೊಪ್ಪಿನಬೆಟ್ಟ. ಕೊಡಗಿನ ಜಮ್ಮಾ, ಬಾಣೆ. ಹೈದರಾಬಾದ್ ಸೀಮೆಯ ಮೋಟಸ್ಥಳ. ರೂಢಿಯಿಂದ ಬಂದ ಇವುಗಳ ಸವಲತ್ತು ಮುಂದುವರಿಯತಕ್ಕದ್ದು ಎಂದು ಅಲ್ಲಿ ವಿಧಿಸಿದೆ. ಇದರಲ್ಲಿ ಕಾನು ಅಚ್ಚ ದ್ರಾವಿಡ, ಸಂಸ್ಕೃತದ ಕಾನನವೇ ಇಲ್ಲಿಂದ ಹೋದದ್ದೆಂದು ವಾದಿಸುವ ಭಾಷಾಶಾಸ್ತ್ರಜ್ಞರಿದ್ದಾರೆ; ಜಮ್ಮಾ ಎಂಬುದು ‘ಜನ್ಮ’ದ ತದ್ಭವ, ಹುಟ್ಟಿನಿಂದ ಬಂದ ಹಕ್ಕು; ಸೊಪ್ಪಿನಬೆಟ್ಟವಂತೂ ತನ್ನ ಕೆಲಸವನ್ನೇ ಹೆಸರಾಗಿ ಹೊತ್ತಿದೆ. ಸೊಪ್ಪು, ಬಡಗಣ ಕರ್ನಾಟಕದ ತೊಪ್ಪಲು, ತುಳುವಿನ ತಪ್ಪು, ಈ ಮೂರೂ ಒಂದೇ ಬೇರಿನ ಚಿಗುರುಗಳೆಂದು ಕಾಣುತ್ತದೆ. ಉತ್ತರ ಕನ್ನಡದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೂ ಬೆಟ್ಟ ಬಿಟ್ಟಿದ್ದರು ಎಂಬುದನ್ನು ನೆನೆದರೆ, ಒಂದು ಪಾಲು ಹಸುರನ್ನು ಸಾಕಲು ಎಷ್ಟು ಪಾಲು ಹಸುರು ಬೇಕಾಗುತ್ತಿತ್ತು ಎಂಬ ಅಂದಾಜು ಸಿಗುತ್ತದೆ.

ಏನು ಆ ನೆರವು? ಕೊನೆಗೂ ಅದು ಎಲೆ. ಮರ ಗಾಳಿಯೊಳಗಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಬಿಸಿಲಿನ ಬಲದಿಂದ ತನ್ನ ಮೈಯಾಗಿಸಿಕೊಳ್ಳುತ್ತದೆ. ಒಣಗಿದ ಎಲೆಯ ತೂಕದಲ್ಲಿ ಹತ್ತಿರಹತ್ತಿರ ಅರ್ಧ ಇಂಗಾಲವೇ. ಆ ಎಲೆಯನ್ನು ಕುಮ್ಕಿಯಿಂದ ಹೊತ್ತು ತಂದು ಹಟ್ಟಿಗೆ ಹಾಸುತ್ತಾರೆ. ದನ ತುಳಿದು, ಸಗಣಿ ಗಂಜಲ ಬೆರೆತು, ಹಾಸಿನ ಮೇಲೆ ಹಾಸು ಬಿದ್ದು ಅದು ಹಟ್ಟಿಗೊಬ್ಬರವಾಗುತ್ತದೆ. ಗೊಬ್ಬರ ಗದ್ದೆಗೆ, ತೋಟಕ್ಕೆ ಹೋಗುತ್ತದೆ. ಅಲ್ಲಿ ಮಣ್ಣಿನ ಕಣ್ಣಿಗೆ ಕಾಣದ ಜೀವಿಗಳು ಅದನ್ನು ತಿಂದು ಬಹುಪಾಲನ್ನು ಮತ್ತೆ ಗಾಳಿಗೆ ಉಸಿರಾಗಿ ಬಿಟ್ಟು, ಉಳಿದ ಒಂದಷ್ಟನ್ನು ಮಣ್ಣಿನ ಕಪ್ಪು ಕಸುವಾಗಿ ಇರಿಸುತ್ತವೆ. ಕರಾವಳಿಯ ಸೆಕೆಯಲ್ಲಿ ಆ ಕಸುವು ಬೇಗ ಕರಗುತ್ತದೆ, ಮಳೆಗಾಲದ ನೀರು ಅದರ ಸಾರವನ್ನು ಬಸಿದುಕೊಂಡು ಹೋಗುತ್ತದೆ. ಹಾಗಾಗಿ ಮುರಕಲ್ಲಿನ ನಾಡಿನಲ್ಲಿ ಸೊಪ್ಪು ಹೊರುವುದು ಒಂದು ವರ್ಷದ ಕೆಲಸವಲ್ಲ, ಪ್ರತಿವರ್ಷದ ವ್ರತ. (1800–01ರಲ್ಲಿ ಈ ಸೀಮೆಯಲ್ಲೆಲ್ಲ ಸುತ್ತಾಡಿದ ಫ್ರಾನ್ಸಿಸ್ ಬುಕಾನನ್, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಮಾತಿನಿಂದ ‘ಲ್ಯಾಟರೈಟ್’ ಎಂದು ಹೆಸರಿಟ್ಟದ್ದು ಇದೇ ಮುರಕಲ್ಲಿಗೆ; ಅದು 1807ರಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥದಿಂದ ಜಗತ್ತಿನ ಭೂವಿಜ್ಞಾನಕ್ಕೆಲ್ಲ ಹಬ್ಬಿತು.)

ಇಂಗಾಲ ಎಂಬ ಮಾತಿನ ಹತ್ತಿರ ಒಂದು ಗಳಿಗೆ ನಿಲ್ಲದೆ ಮುಂದೆ ಹೋಗಲು ನನಗೆ ಮನಸ್ಸು ಬಾರದು. ಸಂಸ್ಕೃತದ ಅಂಗಾರ, ಉರಿಯುವ ಕೆಂಡ. ಪ್ರಾಕೃತದಲ್ಲಿ ಮೊದಲ ಅಕಾರ ಇಕಾರವಾಗಿ, ರೇಫೆ ಲಕಾರವಾಗಿ ‘ಇಂಗಾಲ’. ಹಳಗನ್ನಡಕ್ಕೆ ಬಂದಾಗ ‘ಇಂಗಳ’, ಕೆಂಡವೂ ಹೌದು, ಆರಿದ ಕೆಂಡವೂ ಹೌದು. ಇದ್ದಲು ಎಂಬ ದ್ರಾವಿಡ ಬಳಗದ ಮಾತು ಮನೆಬಳಕೆಗೆ ನಿಂತಿತು. ವಿಜ್ಞಾನದ ಪಾಠ ಬರೆಯುವವರು ಮೂಲವಸ್ತುವಿಗೆ ಹೆಸರು ಬೇಕಾದಾಗ ಪ್ರಾಕೃತದ ಇಂಗಾಲವನ್ನು ಎತ್ತಿಕೊಂಡರು. ಕೆಂಡದ ಬಣ್ಣದ ಗ್ರಹ ಅಂಗಾರಕನಾಯಿತು, ಅವನ ವಾರ ಮಂಗಳವಾರ. ತುಳುವರು ಆ ದಿನವನ್ನು ಇಂದಿಗೂ ‘ಅಂಗಾರೆ’ ಎನ್ನುತ್ತಾರೆ. ಕುಮ್ಕಿಯ ನಾಡಿನವರ ವಾರದ ಲೆಕ್ಕದಲ್ಲೇ ಇಂಗಾಲ ಕುಳಿತಿದೆ.

ಈಗ ‘ಕುಮಕು’ವಿನ ದಂಡಿನ ಅರ್ಥಕ್ಕೆ ಮತ್ತೆ ಹೋಗೋಣ, ನನ್ನ ಮಟ್ಟಿಗೆ ಈ ಪದದ ತಿರುಳು ಅಲ್ಲಿದೆ. ಮುತ್ತಿಗೆಗೆ ಸಿಕ್ಕಿದ ಕೋಟೆಗೆ ಕುಮಕು ಬಂತೆಂದರೆ, ಇನ್ನೊಂದು ಕೋಟೆಯಲ್ಲಿ ಅಷ್ಟು ಕಾವಲು ಕಡಿಮೆಯಾಯಿತು ಎಂದೇ ಅರ್ಥ. ಕುಮಕು ಹುಟ್ಟುವುದಿಲ್ಲ, ಒಂದೆಡೆಯಿಂದ ಇನ್ನೊಂದೆಡೆಗೆ ಸಾಗುತ್ತದೆ. ಕುಮ್ಕಿಯ ಎಲೆಯೂ ಹಾಗೆಯೇ. ಗದ್ದೆಯ ಮಣ್ಣು ಕಪ್ಪಗಾದಷ್ಟೂ ಗುಡ್ಡದ ಮಣ್ಣು ಕೆಂಪಗಾಗುತ್ತದೆ; ಗುಡಿಸಿ ತಂದ ತರಗೆಲೆ ಅಲ್ಲಿಯೇ ಬಿದ್ದು ಕೊಳೆತಿದ್ದರೆ ಆ ಮರದ ಬುಡಕ್ಕೇ ಸೇರುತ್ತಿದ್ದ ಇಂಗಾಲ, ಸಾರಜನಕ, ಸುಣ್ಣದ ಅಂಶ ಎಲ್ಲವೂ ಬುಟ್ಟಿಯೊಳಗೆ ಇಳಿದು ಬಂದಿರುತ್ತವೆ. ಸವರುವ ಕೈಗೆ ಹದ ಗೊತ್ತಿದ್ದರೆ, ಈ ವರ್ಷ ಸವರಿದ ಮರವನ್ನು ಮುಂದಿನ ವರ್ಷ ಬಿಟ್ಟರೆ, ತುದಿಯ ಕುಡಿ ಉಳಿಸಿದರೆ ಗುಡ್ಡ ತಾಳಿಕೊಳ್ಳುತ್ತದೆ. ಹದ ತಪ್ಪಿದ ಕಡೆ ಸೊಪ್ಪಿನಬೆಟ್ಟ ಸೊಪ್ಪನ್ನು ಕಳೆದುಕೊಂಡು ಬರಿಯ ಬೆಟ್ಟವಾಗಿ ಉಳಿದದ್ದನ್ನು ಮಲೆನಾಡಿನಲ್ಲಿ ತಿರುಗಿದವರೆಲ್ಲ ಕಂಡಿದ್ದೇವೆ. ನೆರವು ಪಡೆಯುವ ನೆಲಕ್ಕೆ ವರ್ಗ ಎಂಬ ಪುಟ ಸಿಕ್ಕಿತು. ಕೊಡುವ ನೆಲದ ಇಳುವರಿ, ಸವಕಳಿ ಯಾವ ಪುಟಕ್ಕೂ ಬರಲಿಲ್ಲ.

ಕುಮ್ಕಿಯ ಪಕ್ಕದಲ್ಲೇ, ಬರೀ ದನಿಯ ಹೋಲಿಕೆಯಿಂದ ಅಣ್ಣತಮ್ಮನಂತೆ ಕಾಣುವ ಇನ್ನೊಂದು ಮಾತಿದೆ: ಕುಮರಿ, ಕುಮ್ರಿ, ತುಳುವಿನಲ್ಲಿ ಕುಮೇರು. ಬಾಂಧವ್ಯ ಏನೂ ಇಲ್ಲ. ‘ಹಾಬ್ಸನ್-ಜಾಬ್ಸನ್’ ಕೋಶ ಇದನ್ನು ಮರಾಠಿಯ ‘ಕುಂಬರಿ’ಗೆ, ಅಂದರೆ ಸತ್ವವಿಲ್ಲದ ಗುಡ್ಡದ ಇಳಿಜಾರಿಗೆ ಜೋಡಿಸುತ್ತದೆ, ಕನ್ಯೆಯ ಅರ್ಥದ ಕುಮಾರಿಯನ್ನು ಎಳೆದು ತಂದು, ಉಳುಮೆ ಕಾಣದ ಕನ್ನೆನೆಲ ಎಂದು ಅರ್ಥ ಹಚ್ಚುವುದು ಚೆಂದವಾಗಿ ಕೇಳುತ್ತದೆ, ಆದರೆ ಒಪ್ಪುವಂಥದಲ್ಲ. ಕುಮ್ಕಿ ಎಲೆಯ ಬೇಸಾಯವಾದರೆ ಕುಮರಿ ಬೆಂಕಿಯ ಬೇಸಾಯ. ಬೇಸಗೆಗೆ ಮುಂಚೆ ಒಂದು ತುಂಡು ಕಾಡು ಕಡಿದು, ಬಿಸಿಲಿಗೆ ಒಣಗಲು ಬಿಟ್ಟು, ಮಳೆ ಹತ್ತಿರವಾದಾಗ ಸುಟ್ಟು, ಆ ಬೂದಿಯಲ್ಲಿ ರಾಗಿ ಚೆಲ್ಲಿ, ಒಂದೆರಡು ಬೆಳೆ ತೆಗೆದು ಮುಂದಿನ ತುಂಡಿಗೆ ಹೋಗುವುದು. ಅಸ್ಸಾಮಿನ ಝೂಮ್, ತೆಲುಗರ ಪೋಡು, ಸಿಂಹಳದ ಹೇನ, ಎಲ್ಲವೂ ಇದೇ. ಹತ್ತಾರು ವರ್ಷ ಮರ ಕೂಡಿಟ್ಟ ಇಂಗಾಲದ ಹೆಚ್ಚಿನ ಪಾಲು ಒಂದು ಹಗಲಿನಲ್ಲಿ ಗಾಳಿಗೆ ಹೋಗುತ್ತದೆ. ಸ್ವಲ್ಪ ಮಾತ್ರ ಇದ್ದಲಾಗಿ ಮಣ್ಣಿನಲ್ಲಿ ನೂರಾರು ವರ್ಷ ಕೂರುತ್ತದೆ. 1856ರಲ್ಲಿ ಮದ್ರಾಸ್ ಪ್ರಾಂತದ ಅರಣ್ಯ ಸಂರಕ್ಷಣಾಧಿಕಾರಿಯಾದ ಹ್ಯೂ ಕ್ಲೆಗಾರ್ನ್ ಕುಮರಿಯ ಕಡು ವಿರೋಧಿ; 1860ರ ಹೊತ್ತಿಗೆ ಆ ಪ್ರಾಂತದಲ್ಲಿ ಅದಕ್ಕೆ ನಿರ್ಬಂಧ ಬಿತ್ತು. ಆಳುವವರ ಲೆಕ್ಕದಲ್ಲಿದ್ದದ್ದು ಮುಖ್ಯವಾಗಿ ನಾಟಾ ಎಂಬುದನ್ನು ನಾವು ಮರೆಯಬಾರದು. ಸುಟ್ಟ ತುಂಡನ್ನು ಹದಿನೈದೋ ಇಪ್ಪತ್ತೋ ವರ್ಷ ಮುಟ್ಟದೆ ಬಿಟ್ಟರೆ ಮೇಲೆ ಹೋದ ಇಂಗಾಲದ ದೊಡ್ಡ ಪಾಲನ್ನು ಹೊಸ ಕಾಡು ಮತ್ತೆ ಕೆಳಗೆ ಎಳೆದುಕೊಳ್ಳುತ್ತದೆ; ಬಿಡುವು ಐದಾರು ವರ್ಷಕ್ಕೆ ಇಳಿದರೆ ಎಳೆದುಕೊಳ್ಳಲಾಗುವುದಿಲ್ಲ; ಕಾಡು ಕಡಿದು ಶಾಶ್ವತವಾಗಿ ಹೊಲವನ್ನೋ ಬಡಾವಣೆಯನ್ನೋ ಮಾಡಿದರೆ ಹೋದದ್ದು ಹೋದಂತೆಯೇ. ನನ್ನ ತೀರ್ಪಿನಲ್ಲಿ ಕುಮರಿಗಿಂತ ಹೆಚ್ಚಿನ ಹಾನಿ ಮಾಡಿದ್ದು ಈ ಕೊನೆಯದು.

ಇಷ್ಟು ಹೊತ್ತು ನೂರು ಗಜದೊಳಗೇ ಇದ್ದೆವು. ಇದೇ ಲೆಕ್ಕವನ್ನು ಇಡೀ ಭೂಮಂಡಲಕ್ಕೆ ಹಿಗ್ಗಿಸಿದವರು ಹೇಳುವುದನ್ನೂ ಕೇಳಬೇಕು. ನೆಲದ ಮೇಲಿನ ಗಿಡಮರಗಳಲ್ಲೆಲ್ಲ ಸೇರಿ ಈಗಿರುವ ಇಂಗಾಲ ಸುಮಾರು 450 ಶತಕೋಟಿ ಟನ್. ಮನುಷ್ಯ ಉಳದೆ, ಕಡಿಯದೆ, ಮೇಯಿಸದೆ ಇದ್ದಿದ್ದರೆ ಅದು ಇದರ ಇಮ್ಮಡಿಯಾಗಿರುತ್ತಿತ್ತು ಎಂದು 2018ರಲ್ಲಿ ಕಾರ್ಲ್-ಹೈನ್ಸ್ ಎರ್ಬ್ ಮತ್ತು ಸಂಗಡಿಗರು ಲೆಕ್ಕ ಹಾಕಿದರು. ಮಣ್ಣಿನ ಮೇಲಿನ ಒಂದು ಮೀಟರ್ ಆಳದಲ್ಲೇ ಸುಮಾರು 1500 ಶತಕೋಟಿ ಟನ್ ಇದೆ, ಗಾಳಿಯಲ್ಲಿರುವುದಕ್ಕಿಂತ ಬಹಳ ಹೆಚ್ಚು. ಹನ್ನೆರಡು ಸಾವಿರ ವರ್ಷದ ಬೇಸಾಯ ಎರಡು ಮೀಟರ್ ಆಳದವರೆಗಿನ ಮಣ್ಣಿನಿಂದ ಕಳೆದದ್ದು 116 ಶತಕೋಟಿ ಟನ್ ಎಂಬುದು ಇನ್ನೊಂದು ಎಣಿಕೆ. 1850ರಿಂದ ಈಚೆಗೆ ಮನುಷ್ಯ ಗಾಳಿಗೆ ಸೇರಿಸಿದ ಇಂಗಾಲದಲ್ಲಿ ಸುಮಾರು ಮೂರರಲ್ಲೊಂದು ಪಾಲು ಬಂದದ್ದು ಕಲ್ಲಿದ್ದಲಿನಿಂದಲೂ ಅಲ್ಲ, ಪೆಟ್ರೋಲಿನಿಂದಲೂ ಅಲ್ಲ, ನೆಲದ ಬಳಕೆ ಬದಲಾದದ್ದರಿಂದ. ಇಪ್ಪತ್ತನೆಯ ಶತಮಾನದ ನಡುಗಾಲದವರೆಗೂ ಚಿಮಣಿಗಳಿಗಿಂತ ಕೊಡಲಿ ನೇಗಿಲುಗಳ ಪಾಲೇ ಹೆಚ್ಚಾಗಿತ್ತು. ಈಗ ಚಿಮಣಿ ಮುಂದೆ ಹೋಗಿದೆ, ನೆಲದ ಬಳಕೆಯ ಪಾಲು ಹತ್ತರಲ್ಲೊಂದರ ಆಸುಪಾಸು.

ಹೀಗೆ ಕಳೆದುಕೊಂಡ ಮೇಲೂ ನೆಲ ಕೊಡುವುದನ್ನು ಬಿಟ್ಟಿಲ್ಲ. ನಾವು ವರ್ಷ ವರ್ಷ ಉಗುಳುವ ಇಂಗಾಲದಲ್ಲಿ ಹೆಚ್ಚುಕಡಿಮೆ ನೂರಕ್ಕೆ ಮೂವತ್ತನ್ನು ಕಾಡು, ಹುಲ್ಲು, ಮಣ್ಣು ಸೇರಿ ಒಳಕ್ಕೆ ಎಳೆದುಕೊಳ್ಳುತ್ತವೆ. ನೂರಕ್ಕೆ ಇಪ್ಪತ್ತೈದರಷ್ಟನ್ನು ಕಡಲು ನುಂಗುತ್ತದೆ. ಮಿಕ್ಕದ್ದು ಆಕಾಶದಲ್ಲಿ ನಿಲ್ಲುತ್ತದೆ. ಕೇಳದೆ ಬಂದ ಈ ಮೂವತ್ತಕ್ಕೆ ವಿಜ್ಞಾನದ ಕನ್ನಡದಲ್ಲಿ ‘ಇಂಗಾಲದ ತೊಟ್ಟಿ’ ಎಂದೋ ‘ಹೀರುನೆಲೆ’ ಎಂದೋ ಬರೆಯುತ್ತಾರೆ. ಕುಮ್ಕಿ ಎನ್ನಬಾರದೇಕೆ ಎಂದು ನನ್ನ ಮನಸ್ಸು ಕೇಳುತ್ತಲೇ ಇದೆ. ತೊಟ್ಟಿ ಎಂದರೆ ಸುರಿದದ್ದನ್ನೆಲ್ಲ ಹಿಡಿದಿಟ್ಟುಕೊಳ್ಳುವ ಜಡ ಪಾತ್ರೆ. ಕುಮ್ಕಿಯಲ್ಲಿ ಒಬ್ಬ ಕೊಡುವವನಿದ್ದಾನೆ, ಅವನ ಶಕ್ತಿಗೆ ಮಿತಿಯಿದೆ, ಅವನ ನೆರವಿಗೆ ಒಂದು ಎಲ್ಲೆಯಿದೆ. ಬರಗಾಲ ಬಿದ್ದ ವರ್ಷಗಳಲ್ಲಿ ಈ ನೆರವು ಇಳಿಯುವುದನ್ನೂ, ಕಡಿದು ಸುಟ್ಟ ಅಮೆಜಾನಿನ ಆಗ್ನೇಯ ಭಾಗ ಎಳೆದುಕೊಳ್ಳುವುದಕ್ಕಿಂತ ಹೆಚ್ಚು ಇಂಗಾಲವನ್ನು ಹೊರಗೆ ಬಿಡುತ್ತಿರುವುದನ್ನೂ ಅಳೆದವರಿದ್ದಾರೆ. ಅಲ್ಲಿ ನೆಲ ನಮಗೆ ಕುಮಕು ಕೊಡುವುದನ್ನು ನಿಲ್ಲಿಸಿ ಆಕಾಶದ ಸೆಕೆಗೆ ಕುಮ್ಮಕ್ಕು ಕೊಡತೊಡಗಿದೆ. ಕನ್ನಡದಲ್ಲಿ ಈ ಪದ ನಡೆದ ದಾರಿಯಲ್ಲೇ ಆ ನೆಲವೂ ನಡೆದಿದೆ ಎಂಬುದನ್ನು ನಾನು ನೋವಿನಿಂದಲೇ ಬರೆಯುತ್ತಿದ್ದೇನೆ.

ನಮ್ಮ ಕರಾವಳಿಯಲ್ಲಿ ಈಗ ಕುಮ್ಕಿಯ ಗುಡ್ಡಗಳಲ್ಲಿ ರಬ್ಬರು ಬಂದಿದೆ, ಗೇರು ಬಂದಿದೆ, ಗುಡ್ಡ ತಟ್ಟು ಮಾಡಿ ಅಡಿಕೆ ಹಾಕಿದ್ದೂ ಇದೆ. ಹಟ್ಟಿಯಲ್ಲಿ ದನ ಕಡಿಮೆ, ಸೊಪ್ಪು ಹೊರುವ ಹೆಗಲು ಇನ್ನೂ ಕಡಿಮೆ. ಗೊಬ್ಬರ ಚೀಲದಲ್ಲಿ ಬರುತ್ತದೆ. ರಬ್ಬರಿನ ಕಾಂಡದಲ್ಲೂ ಇಂಗಾಲ ಕೂಡುತ್ತದೆ ನಿಜ, ಆದರೆ ಮರಕ್ಕೆ ವಯಸ್ಸಾದಾಗ ಕಡಿದು ಮರುನಾಟಿ ಮಾಡುವ ತೋಟವೂ ಕಡಿಯದ ಕಾಡೂ ಲೆಕ್ಕದಲ್ಲಿ ಒಂದೇ ಆಗಲಾರವು. ಕುಮ್ಕಿಯನ್ನು ವರ್ಗದಾರರ ಹೆಸರಿಗೇ ಮಾಡಿಕೊಡಬೇಕೆಂಬ ಬೇಡಿಕೆ ಬಹುಕಾಲದಿಂದ ಇದೆ. ಪೀಳಿಗೆಗಳಿಂದ ಆ ಗುಡ್ಡವನ್ನು ಕಾಯ್ದವರ ಅಳಲಿನಲ್ಲಿ ನ್ಯಾಯವಿದೆ ಎಂದು ನಾನು ಒಪ್ಪುತ್ತೇನೆ. ಆದರೆ ಪಟ್ಟೆಯಾದ ದಿನ ಅದು ಇನ್ನೊಂದು ವರ್ಗವಾಗುತ್ತದೆ, ಕುಮ್ಕಿಯಾಗಿ ಉಳಿಯುವುದಿಲ್ಲ. ಹೊಸ ವರ್ಗಕ್ಕೆ ಬೇಕಾದ ಕುಮ್ಕಿಗೆ ಅದರಾಚೆ ನೆಲವಿರುವುದಿಲ್ಲ.

ಪದಪ್ರಿಯರಾದ ನಿಮ್ಮಲ್ಲಿ ಒಂದು ಬಿನ್ನಹ. ನಿಮ್ಮ ಊರಿನಲ್ಲಿ ಸೊಪ್ಪು ಕೊಡುವ ನೆಲಕ್ಕೆ ಏನೆನ್ನುತ್ತಾರೆ, ಉದುರಿದ ಎಲೆಗೆ ದರಗು ಎನ್ನುತ್ತಾರೋ ತರಗು ಎನ್ನುತ್ತಾರೋ, ಸವರಿದ ಮರ ಮತ್ತೆ ಚಿಗುರಿದ್ದಕ್ಕೆ, ಬಿಡುವು ಕೊಟ್ಟ ಗುಡ್ಡಕ್ಕೆ, ಸೊಪ್ಪು ಹೊರುವ ತಿಂಗಳಿಗೆ ಬೇರೆ ಹೆಸರುಗಳಿವೆಯೋ, ಮನೆಯ ಹಿರಿಯರನ್ನು ಈ ಬೇಸಗೆಯಲ್ಲಿ ಕೇಳಿ ಬರೆದಿಡಿ. ಬರೆಯುವಾಗ ಆ ಗುಡ್ಡದಲ್ಲಿ ಈಗ ಯಾವ ಯಾವ ಮರ ಉಳಿದಿದೆ ಎಂಬುದನ್ನೂ ಪಕ್ಕದಲ್ಲಿ ಗುರುತು ಮಾಡಿಕೊಳ್ಳಿ.